ಲಿಸ್ಪ್ ಸಾಹೇಬರಿಗೊಂದು ಅರ್ಜಿ

ಶಿವಮೊಗ್ಗದ ದುರ್ಗಿಗುಡಿಯಲ್ಲಾಗಲಿ, ಭದ್ರಾವತಿಯ ಹಳೇನಗರದಲ್ಲಾಗಲಿ, ಮನೆ ಪ್ಲಾನ್ ಬರೆದುಕೊಡುವ ಅಂಗಡಿಗೆ ಹೋಗಿ ‘ಲಿಸ್ಪ್ ಗೊತ್ತಾ?’ ಅಂತ ಕೇಳಿ ನೋಡಿ. ‘ಯಾವ ಲಿಸ್ಪ್ ಸಾರ್? ಏರಿಯಾದ್ದಾ, ಲೇಯರ್‌ದ್ದಾ? ಪೆನ್‌ಡ್ರೈವ್ ಕೊಡಿ, ಹಾಕಿಕೊಡ್ತೀನಿ’ ಎಂಬ ಉತ್ತರ ಬರುತ್ತದೆ. ಜಾನ್ ಮೆಕಾರ್ಥಿ 1958ರಲ್ಲಿ ಕೃತಕ ಬುದ್ಧಿಮತ್ತೆಗೆಂದು ಹುಟ್ಟುಹಾಕಿದ ಈ ಪ್ರೋಗ್ರಾಮಿಂಗ್ ಭಾಷೆ 1986ರಲ್ಲಿ ನಕ್ಷೆ ಬರೆಯುವ ಆಟೋಕ್ಯಾಡ್ ತಂತ್ರಾಂಶದ ಹೊಟ್ಟೆ ಸೇರಿ, ಈಗ ತುಂಗೆ-ಭದ್ರೆಯರ ದಂಡೆಯಲ್ಲಿ 30x40 ಸೈಟಿನ ಚದರಡಿ ಎಣಿಸುತ್ತಿದೆ. ಎರಡೂ ಊರಿಗೆ ನಗರಾಭಿವೃದ್ಧಿ ಪ್ರಾಧಿಕಾರ ಒಂದೇ. ಪೆನ್‌ಡ್ರೈವೂ ಹೆಚ್ಚುಕಮ್ಮಿ ಒಂದೇ.

ಆಟೋಕ್ಯಾಡ್‌ನ ಅಗ್ಗದ ರೂಪವಾದ ಎಲ್‌ಟಿ ಕೊಂಡವರಿಗೆ 2024ರ ಆವೃತ್ತಿಯವರೆಗೂ ಈ ಭಾಗ್ಯವಿರಲಿಲ್ಲ. ಕಳ್ಳ ಪ್ರತಿಯವರಿಗೆ ಮೊದಲಿಂದಲೂ ಇತ್ತು.

ಆಟೋಕ್ಯಾಡ್ ಒಳಗೆ ಕೂತು ಕೆಲಸ ಮಾಡುವವರೆಗೆ ಸಾಹೇಬರು ಸಜ್ಜನರು. ಹೊರಗಿಂದ ಕರೆದು ನೋಡಿ. ಎಸ್ಟಿಮೇಟ್ ಮಾಡುವ ಹುಡುಗನಿಗೆ ಎಕ್ಸೆಲ್‌ನಲ್ಲಿ ಕೋಣೆವಾರು ಲೆಕ್ಕ ಬೇಕು. ಗೆರೆಯೊಳಗಿನ ಏರಿಯಾವನ್ನು ಎಕ್ಸೆಲ್ಲೇ ನೇರ ಕೇಳಬಹುದು, ನಿಜ. ಆದರೆ ಬಾಲ್ಕನಿಯನ್ನು ಕಾಣದಂತೆ ಮಾಡುವ ವಿದ್ಯೆ ಅಂಗಡಿಯ ಹಳೇ ಲಿಸ್ಪಿಗೆ ಮಾತ್ರ ಸಿದ್ಧಿಸಿದೆ! ಸರಿ, ‘ಸೆಂಡ್‌ಕಮಾಂಡ್’ ಮೂಲಕ ಬ್ರಾಕೆಟ್ ಸಮೇತ ಒಂದು ಸಾಲು ಕಳಿಸುತ್ತಾನೆ. ಸಾಲು ಒಳಗೆ ಹೋಗುತ್ತದೆ, ಕೆಲಸವೂ ಆಗುತ್ತದೆ, ಉತ್ತರ ಮಾತ್ರ ಹೊರಗೆ ಬರುವುದಿಲ್ಲ. ಟಪಾಲು ವಿಭಾಗಕ್ಕೆ ಅರ್ಜಿ ಕೊಟ್ಟವರಿಗೆ ಇದರಲ್ಲಿ ಹೊಸದೇನೂ ಕಾಣದು. ಪರಿಹಾರವೂ ಅಲ್ಲಿನ ಶೈಲಿಯದೇ: ಲಿಸ್ಪ್ ತನ್ನ ಉತ್ತರವನ್ನು ‘ಯೂಸರ್‌ಎಸ್1’ ಎಂಬ ಗೂಡಿನಲ್ಲಿ ಇಟ್ಟುಹೋಗಬೇಕು, ಎಕ್ಸೆಲ್ ಆಮೇಲೆ ಬಂದು ಎತ್ತಿಕೊಳ್ಳಬೇಕು. ಅಂಥ ಗೂಡುಗಳು ಐದೇ. ನಕ್ಷೆ ಮುಚ್ಚಿದರೆ ಅವೂ ಖಾಲಿ.

ಹೊರಗಿನವರು ಕರೆಯಲಿ ಎಂದೇ ಕಟ್ಟಿದ ಲಿಸ್ಪ್‌ಗಳಿಲ್ಲವೇ? ಇವೆ. ಗೈಲ್, ಇಸಿಎಲ್ ಎರಡೂ ಲೈಬ್ರರಿಗಳೇ; ಸಿ ಪ್ರೋಗ್ರಾಂ ಕೇಳಿದರೆ ಉತ್ತರವನ್ನು ಕೈಗೇ ಕೊಡುತ್ತವೆ, ಬಿಡಿಕಾಸೂ ಕೇಳುವುದಿಲ್ಲ. ಇದನ್ನು ಅಂಗಡಿಯಲ್ಲಿ ವಿವರಿಸಿದರೆ ಸಿಗುವ ಪ್ರಶ್ನೆ ಆಟೋಕ್ಯಾಡ್ ಕಡತದ್ದೇ: ‘ಅದ್ರಲ್ಲಿ ಡಿಡಬ್ಲ್ಯೂಜಿ ಓಪನ್ ಆಗುತ್ತಾ ಸಾರ್?’

ಕರೆದರೆ ಓಗೊಡದ ಸಾಹೇಬರು ಕರೆಯದೆಯೂ ಬರುತ್ತಾರೆ. ‘ಎಕ್ಯಾಡ್‌ಡಾಕ್’ ಹೆಸರಿನ ಲಿಸ್ಪ್ ಫೈಲು ನಕ್ಷೆಯ ಫೋಲ್ಡರಿನಲ್ಲಿದ್ದರೆ ಪ್ರತಿ ನಕ್ಷೆಯೊಂದಿಗೂ ತಾನಾಗಿ ಓಡುತ್ತದೆ. 2012ರಲ್ಲಿ ಪೆರುವಿನಲ್ಲಿ ಹಬ್ಬಿದ ‘ಮೆಡ್ರೆ’ ಎಂಬ ಆಟೋಲಿಸ್ಪ್ ಹುಳು ನಕ್ಷೆಗಳನ್ನು ಕದ್ದು ಚೀನಾದ ಇಮೇಲ್ ಖಾತೆಗಳಿಗೆ ಕಳಿಸಿತ್ತು. ಆಟೋಕ್ಯಾಡ್ 2014ರಿಂದ ‘ಈ ಫೈಲನ್ನು ನಂಬಬಹುದೇ?’ ಎಂದು ಕೇಳುವ ಪೆಟ್ಟಿಗೆ ಬಂತು. ನಮ್ಮವರ ಬೆರಳು ‘ಯಾವಾಗಲೂ ಲೋಡ್ ಮಾಡು’ ಮೇಲೆ ಬಿದ್ದಾಗಿದೆ.

ಲಿಸ್ಪ್ ಫೈಲು ಸಾಮಾನ್ಯವಾಗಿ ಸಾದಾ ಅಕ್ಷರಗಳ ಕಡತ. ಮುಂದಿನ ಸಲ ಪೆನ್‌ಡ್ರೈವ್ ಚುಚ್ಚಿದಾಗ ಲೋಡ್ ಮಾಡುವ ಮುಂಚೆ ನೋಟ್‌ಪ್ಯಾಡಿನಲ್ಲಿ ತೆರೆದು ಒಂದಿಷ್ಟು ಓದಿ, ಸ್ವಾಮಿ.