ಬೆಳ್ಳುಳ್ಳಿಯ ಯಜಮಾನ ಕೀಟ: ಲಕ್ಷಣ, ಹಾವಳಿ ಮತ್ತು ಹತೋಟಿ

ಬೆಳ್ಳುಳ್ಳಿಯ ಶತ್ರುಗಳು ಯಾರು ಎಂದು ಕೇಳಿದರೆ ಕೃಷಿ ಕೈಪಿಡಿಗಳು ಥ್ರಿಪ್ಸ್ ನುಸಿ, ನೇರಳೆ ಮಚ್ಚೆ ರೋಗ, ಗಡ್ಡೆ ಕೊಳೆ ಎಂದು ಪಾಠ ಒಪ್ಪಿಸುತ್ತವೆ. ಕೈತೋಟದ ಬೆಳ್ಳುಳ್ಳಿಗೆ, ಅದರಲ್ಲೂ ಬೆಂಗಳೂರಿನ ತಾರಸಿಯ ಕುಂಡಗಳಲ್ಲಿ ಜೀವ ಹಿಡಿದುಕೊಂಡಿರುವ ಬೆಳ್ಳುಳ್ಳಿಗೆ, ಈ ಮೂರೂ ಸೇರಿ ಮಾಡುವುದಕ್ಕಿಂತ ಹೆಚ್ಚಿನ ಹಾನಿ ಮಾಡುವ ಜೀವಿಯೊಂದಿದೆ. ಎರಡು ಕಾಲು, ಪಟ್ಟೆ ಲುಂಗಿ, ಬೆಳಗಿನ ಆರೂವರೆಗೆ ಕಾಫಿ ಲೋಟದೊಡನೆ ಪ್ರತ್ಯಕ್ಷವಾಗುವ ಅಭ್ಯಾಸ: ಇವು ಅದರ ಬಾಹ್ಯ ಲಕ್ಷಣಗಳು. ಲೋಕರೂಢಿಯಲ್ಲಿ ಇದಕ್ಕೆ ‘ಮನೆಯ ಯಜಮಾನ’ ಎಂದು ಹೆಸರು. (ಯಜಮಾನ್ತಿಯೂ ಇದೇ ಪ್ರಭೇದಕ್ಕೆ ಸೇರಿದವಳು, ಪುಲ್ಲಿಂಗ ಬಳಸಿರುವುದು ವ್ಯಾಕರಣದ ಸೌಕರ್ಯಕ್ಕೆ ಮಾತ್ರ, ಹಾನಿಯಲ್ಲಿ ಲಿಂಗಭೇದವಿಲ್ಲ.) ಕೈತೋಟದಲ್ಲಿ ಬೆಳ್ಳುಳ್ಳಿ ಕೈಹತ್ತಬೇಕಾದರೆ ಎಲ್ಲಕ್ಕಿಂತ ಮೊದಲು ಹತೋಟಿಗೆ ತರಬೇಕಾದ ಕೀಟ ಬೆಳೆಗಾರನೇ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ.

ಮೊದಲು ಶಾಸ್ತ್ರಪ್ರಮಾಣ. 1890ರಲ್ಲಿ ಮಧ್ಯ ಏಷ್ಯಾದ ಕೂಚಾದಲ್ಲಿ ಕೈಗೆ ಸಿಕ್ಕಿದ ಬೋವರ್ ಹಸ್ತಪ್ರತಿ ಎಂಬ ಹಳೆಯ ಸಂಸ್ಕೃತ ಗ್ರಂಥ ಆರಂಭವಾಗುವುದೇ ಬೆಳ್ಳುಳ್ಳಿಯ ಮಹಿಮೆಯಿಂದ. ಅಮೃತ ಕದ್ದು ಕುಡಿದ ರಾಕ್ಷಸನ ಕೊರಳನ್ನು ವಿಷ್ಣು ಕತ್ತರಿಸಿದಾಗ ನೆಲಕ್ಕೆ ಬಿದ್ದ ಹನಿಗಳೇ ಬೆಳ್ಳುಳ್ಳಿಯಾದವಂತೆ. ಅಂದರೆ ಮೂಲದಲ್ಲಿ ಇದು ಸಾಯಬಾರದ ಗಿಡ. ಆರು ರಸಗಳಲ್ಲಿ ಹುಳಿಯೊಂದು ಊನವಾದ್ದರಿಂದ ಇದು ‘ರಸೋನ’ ಎಂದು ಆಯುರ್ವೇದಜ್ಞರು ನಿರ್ವಚನ ಹೇಳಿದ್ದಾರೆ. ಆ ಹುಳಿಯನ್ನು ತುಂಬಿಕೊಡಲು ಕನ್ನಡಿಗರು ಹುಣಿಸೆ ಹಣ್ಣಿನ ಸಾರನ್ನು ಕಂಡುಹಿಡಿದರು ಎಂಬುದು ನಮ್ಮ ಊಹೆ. ಇನ್ನು ರಸಾಯನಶಾಸ್ತ್ರದ ಸಾಕ್ಷ್ಯ. ಇಡಿಯಾದ ಎಸಳಿಗೆ ಹೇಳಿಕೊಳ್ಳುವಂಥ ಘಾಟಿಲ್ಲ. ಜಜ್ಜಿದಾಗ, ಕಚ್ಚಿದಾಗ ಮಾತ್ರ ಅದರೊಳಗಿನ ಕಿಣ್ವವೊಂದು ಎಚ್ಚೆತ್ತು ಆಲಿಸಿನ್ ಎಂಬ ವಸ್ತುವನ್ನು ಹುಟ್ಟಿಸುತ್ತದೆ. 1944ರಲ್ಲಿ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ತೋರಿಸಿದರು. ಕಚ್ಚಿದವರನ್ನು ಓಡಿಸಲು ಗಿಡ ಮಾಡಿಕೊಂಡ ಏರ್ಪಾಡು ಇದು. ಹುಳುಗಳು ಇದಕ್ಕೆ ಎಷ್ಟು ಹೆದರುತ್ತವೆಂದರೆ, ಬೆಳ್ಳುಳ್ಳಿ-ಹಸಿಮೆಣಸಿನಕಾಯಿ ಕಷಾಯವನ್ನು ಬೇರೆ ಬೆಳೆಗಳ ಮೇಲೂ ಸಿಂಪಡಿಸುವುದುಂಟು. ಆದರೆ ಯಜಮಾನ ಕೀಟ ಈ ವಾಸನೆಗೆ ಓಡಿಹೋಗುವುದಿಲ್ಲ. ಒಗ್ಗರಣೆ ಸೌಟು ಹಿಡಿದು ಇನ್ನಷ್ಟು ಹತ್ತಿರ ಬರುತ್ತದೆ. ಶತ್ರುವಿನ ಬಾಣವನ್ನೇ ಸಾರಿಗೆ ಹಾಕಿಕೊಂಡು ಉಣ್ಣುವ ಜೀವಿಯ ಎದುರು ಯಾವ ಗಿಡ ತಾನೆ ಏನು ಮಾಡೀತು?

ಹಾವಳಿ ನಾಟಿಗೆ ಮೊದಲೇ ಶುರುವಾಗುತ್ತದೆ. ಬೆಳ್ಳುಳ್ಳಿಗೆ ಎಸಳೇ ಬೀಜ. ಗಡ್ಡೆಯ ಹೊರಸುತ್ತಿನ ದಪ್ಪ ಎಸಳು ನೆಟ್ಟರೆ ದಪ್ಪ ಗಡ್ಡೆ ಬರುತ್ತದೆ ಎಂಬುದು ಬೆಳೆಗಾರರಿಗೆಲ್ಲ ತಿಳಿದದ್ದು. ಕೀಟವಾದರೋ ದಪ್ಪ ಎಸಳನ್ನೆಲ್ಲ ಅಡುಗೆಮನೆಗೆ ಒಪ್ಪಿಸಿ, ನಡುವಿನ ಹಂಚಿಕಡ್ಡಿಯಂಥವನ್ನು ಮಣ್ಣಿಗೆ ಹಾಕುತ್ತದೆ. ಅದೂ ಸಿಪ್ಪೆ ಸುಲಿದು, ಮೊಳಕೆಗೆ ಅನುಕೂಲವಾಗಲೆಂದು. ಮೈಮೇಲಿನ ಅಂಗಿ ಕಳೆದುಕೊಂಡ ಎಸಳು ಒದ್ದೆ ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ. ಬುಡ ಕೆಳಗೆ, ಚೂಪು ತುದಿ ಮೇಲೆ ಇಟ್ಟು, ನಾಲ್ಕೈದು ಸೆಂಟಿಮೀಟರ್ ಆಳದಲ್ಲಿ, ಹತ್ತು ಸೆಂಟಿಮೀಟರ್ ಅಂತರ ಕೊಟ್ಟು ನೆಡುವ ಬದಲು, ಒಂದು ಪೇಂಟ್ ಡಬ್ಬದಲ್ಲಿ ಇಪ್ಪತ್ತನ್ನು ತಲೆಕೆಳಗಾಗಿ ತುರುಕುತ್ತದೆ. ಎರಡನೆಯ ಹಂತದ ಹಾವಳಿಗೆ ‘ಅತಿವಾತ್ಸಲ್ಯ’ ಎಂದು ಹೆಸರಿಡಬಹುದು. ಬೆಳಿಗ್ಗೆ ಯಜಮಾನ, ಮಧ್ಯಾಹ್ನ ಯಜಮಾನ್ತಿ, ಸಂಜೆ ಬಂದ ನೆಂಟರು, ಹೀಗೆ ಮೂರು ಹೊತ್ತು ನೀರು. ಬೇರು ಬಂದಿದೆಯೋ ಇಲ್ಲವೋ ಎಂದು ವಾರಕ್ಕೊಮ್ಮೆ ಕಿತ್ತು ನೋಡಿ, ಮತ್ತೆ ಊರಿ, ಮಣ್ಣು ತಟ್ಟುವುದು. ಹಸಿರೆಲೆ ಗೇಣುದ್ದವಾದರೆ ಚಟ್ನಿಗೆ ಕತ್ತರಿ. ಇಲ್ಲಿ ಅಂಗರಚನೆಯ ಒಂದು ಮಾತು ಹೇಳಲೇಬೇಕು: ಗಡ್ಡೆಯನ್ನು ಸುತ್ತಿರುವ ಬಿಳಿ ಪೊರೆ ಎಲೆಯದೇ ಬುಡ, ಗಡ್ಡೆಗೆ ಊಟ ಮಾಡಿ ಬಡಿಸುವುದೂ ಎಲೆಯೇ. ಚಟ್ನಿ ರುಚಿಯಾದಷ್ಟೂ ಗಡ್ಡೆ ಬಡವಾಗುತ್ತದೆ. ಕೊನೆಯ ಹಂತ ಎಲ್ಲಕ್ಕಿಂತ ಕ್ರೂರ. ನಾಲ್ಕೂವರೆ ತಿಂಗಳಾಗುವ ಹೊತ್ತಿಗೆ ಎಲೆ ತುದಿಯಿಂದ ಹಳದಿಯಾಗಿ ಬಾಗತೊಡಗುತ್ತದೆ. ಅದು ಬಲಿತ ಗುರುತು. ಕೀಳುವ ಎರಡು ಮೂರು ವಾರ ಮೊದಲೇ ನೀರು ನಿಲ್ಲಿಸಿರಬೇಕು. ಕೀಟಕ್ಕೆ ಮಾತ್ರ ಕರುಳು ಚುರ್ ಎನ್ನುತ್ತದೆ. “ಪಾಪ, ಒಣಗ್ತಿದೆ” ಎಂದು ಕೊಡಗಟ್ಟಲೆ ಸುರಿಯುತ್ತದೆ. ಅಮೃತದ ಹನಿಯಿಂದ ಹುಟ್ಟಿದ್ದು ಕೊಳೆಯುವುದು ಹೀಗೆ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ. ದೋಷ ಯಜಮಾನನದಲ್ಲ, ಹವೆಯದು. ಬೆಳ್ಳುಳ್ಳಿಗೆ ಗಡ್ಡೆ ಕಟ್ಟಲು ಮೊದಲು ಚಳಿ, ಆಮೇಲೆ ಉದ್ದವಾಗುತ್ತ ಹೋಗುವ ಹಗಲು ಬೇಕು, ಬೆಂಗಳೂರಿನ ಚಳಿ ಸ್ವೆಟರಿನವರಿಗೆ ಸಾಕು, ಬೆಳ್ಳುಳ್ಳಿಗೆ ಸಾಲದು ಎನ್ನುತ್ತಾರೆ. ವಾದದಲ್ಲಿ ಹುರುಳಿದೆ. ಚಳಿ ಸಾಲದಿದ್ದರೆ ಗಡ್ಡೆ ಎಸಳುಗಳಾಗಿ ಒಡೆಯದೆ ಒಂದೇ ಗುಂಡಾಗಿ ಉಳಿಯುವುದು ನಿಜ. ಒಂದನ್ನು ನೆಟ್ಟು ಒಂದನ್ನೇ ಪಡೆಯುವ ಈ ಸ್ಥಿತಿಯನ್ನು ಅದ್ವೈತಸಿದ್ಧಿ ಎಂದು ಸಮಾಧಾನ ಮಾಡಿಕೊಳ್ಳುವವರೂ ಇದ್ದಾರೆ. ಆದರೆ ಬಯಲುಸೀಮೆಗೆ ಒಗ್ಗಿದ ತಳಿಗಳಿವೆ, ಗದಗ-ಹಾವೇರಿ ಕಡೆಯ ಹೊಲಗಳಲ್ಲಿ ಬೆಳ್ಳುಳ್ಳಿ ಬರುತ್ತಲೇ ಇದೆ. ಅದನ್ನು ಬಿಟ್ಟು, ನೋಡಲು ದಪ್ಪಗಿದೆ ಎಂದು ಊಟಿಯ ಬೆಟ್ಟದ ಬೆಳ್ಳುಳ್ಳಿ ತಂದು ತಾರಸಿಯಲ್ಲಿ ಊರಿದವರಾರು? ದಸರಾ-ದೀಪಾವಳಿಯ ನಡುವೆ ನೆಡಬೇಕಾದ್ದನ್ನು ಯುಗಾದಿಯ ಹುಮ್ಮಸ್ಸಿನಲ್ಲಿ, ನೆತ್ತಿ ಸುಡುವ ಬಿಸಿಲಿಗೆ ನೆಟ್ಟವರಾರು? ಬಿತ್ತನೆಯ ಗಡ್ಡೆಯನ್ನು ನಾಲ್ಕೈದು ವಾರ ಫ್ರಿಜ್ಜಿನಲ್ಲಿಟ್ಟು ಚಳಿಯ ಕೊರತೆ ತುಂಬಿಸಬಹುದು. ಮೂರನೆಯ ವಾರಕ್ಕೆ ಅದನ್ನು ಹೊರತೆಗೆದು ರಸಂಗೆ ಜಜ್ಜಿದವರಾರು? ಹವೆಗೆ ಕೈಕಾಲಿಲ್ಲ. ಆಪಾದನೆ ತಿರುಗಿ ಲುಂಗಿಯ ಕಡೆಗೇ ಬರುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮವಾದದ್ದು. ಹಾವೇರಿಯ ರೈತನೂ ಮನುಷ್ಯನೇ, ಅವನೂ ಮನೆಯ ಯಜಮಾನನೇ, ಅವನೇಕೆ ಕೀಟವಲ್ಲ? ಇದಕ್ಕೆ ಉತ್ತರ ಗಣಿತದಲ್ಲಿದೆ. ಸಾಲಿನಿಂದ ಸಾಲಿಗೆ 15 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಎಂದರೆ ಒಂದು ಎಕರೆಗೆ ಸುಮಾರು 2,70,000 ಗಿಡ. ರೈತ ಒಂದೊಂದು ಗಿಡವನ್ನು ಒಂದೇ ಒಂದು ಸೆಕೆಂಡು ಪ್ರೀತಿಯಿಂದ ನೋಡಿದರೂ 75 ಗಂಟೆ ಬೇಕು. ಅಂದರೆ ಊಟ ನಿದ್ದೆ ಬಿಟ್ಟು ಮೂರು ಹಗಲು, ಮೂರು ರಾತ್ರಿ, ಮೇಲೆ ಮೂರು ಗಂಟೆ. ಆದ್ದರಿಂದ ಅವನು ನೋಡುವುದಿಲ್ಲ, ಗಿಡ ಬದುಕಿಕೊಳ್ಳುತ್ತದೆ. ತಾರಸಿಯಲ್ಲಿ ಹನ್ನೆರಡು ಗಿಡಕ್ಕೆ ಮನೆಯ ಐದು ಮಂದಿ. ಗಿಡವೊಂದಕ್ಕೆ ಇಷ್ಟು ಮಂದಿ ಮುತ್ತಿದರೆ ಯಾವ ಕೀಟಶಾಸ್ತ್ರಜ್ಞನಾದರೂ ತುರ್ತು ಸಿಂಪಡಣೆಗೆ ಶಿಫಾರಸು ಮಾಡುತ್ತಾನೆ.

ಹಾಗಾದರೆ ಯಜಮಾನನನ್ನು ಸಂಪೂರ್ಣ ನಿರ್ಮೂಲ ಮಾಡಬಹುದೇ? ಕೂಡದು. ಬೆಳ್ಳುಳ್ಳಿಯ ಎಲೆ ಸಪೂರ. ನೆಲಕ್ಕೆ ನೆರಳು ಕೊಟ್ಟು ಕಳೆಯನ್ನು ಅಡಗಿಸುವ ತಾಕತ್ತು ಅದಕ್ಕಿಲ್ಲ. ಕಳೆ ಕೀಳಲು, ಬಲಿತ ಗಡ್ಡೆಯನ್ನು ಎಬ್ಬಿಸಿ ಎಲೆಸಮೇತ ನೆರಳಿನಲ್ಲಿ ಒಣಗಿಸಲು ಈ ಕೀಟದ ಮುಂಗಾಲುಗಳು ಬೇಕೇ ಬೇಕು. ಇದು ನಮ್ಮ ಸಿದ್ಧಾಂತಕ್ಕೆ ಸ್ವಲ್ಪ ಮುಜುಗರದ ಸಂಗತಿ ಎಂದು ಒಪ್ಪುತ್ತೇವೆ. ಆದ್ದರಿಂದ ಬಲೆ ಬೆಳೆಯೇ ಯೋಗ್ಯ ಹತೋಟಿ. ಟೊಮ್ಯಾಟೊದ ಕಾಯಿಕೊರಕ ಹುಳುವನ್ನು ಸೆಳೆಯಲು ರೈತರು ಸಾಲಿನ ನಡುವೆ ಚೆಂಡುಹೂ ಹಾಕುತ್ತಾರಲ್ಲ, ಹಾಗೆ ಬೆಳ್ಳುಳ್ಳಿ ಕುಂಡದ ಪಕ್ಕದಲ್ಲಿ ಮೆಂತ್ಯದ ಟ್ರೇ ಇಡತಕ್ಕದ್ದು. ಮೆಂತ್ಯ ನಾಲ್ಕೇ ದಿನಕ್ಕೆ ಮೊಳೆಯುತ್ತದೆ, ದಿನಾ ನೋಡಿದರೂ ಬೇಸರಿಸುವುದಿಲ್ಲ, ತಿಂಗಳೊಳಗೆ ಕತ್ತರಿಗೂ ತಲೆ ಕೊಡುತ್ತದೆ. ದೀಪಾವಳಿಗೆ ನೆಟ್ಟ ಬೆಳ್ಳುಳ್ಳಿ ಕೈಗೆ ಬರುವುದು ಯುಗಾದಿಯ ಆಸುಪಾಸಿನಲ್ಲಿ. ಅಲ್ಲಿಯವರೆಗೆ ತಾರಸಿಯ ಬೀಗದ ಕೈ ಮನೆಯ ಅಜ್ಜಿಯ ಸೊಂಟದಲ್ಲಿರಲಿ.