ಲಾಠ್ಯನುಮತಿ ಮೀಮಾಂಸೆ

ಲಾಠಿಯಿಂದ ಬಿದ್ದದ್ದು ಬರೀ ಏಟೋ ಅಥವಾ ಸರ್ಕಾರಿ ಕೆಲಸವೋ ಎಂಬ ಪ್ರಶ್ನೆಯನ್ನು ನಮ್ಮ ಪೂರ್ವಸೂರಿಗಳು ಸಾಕಷ್ಟು ಮಥಿಸಿಲ್ಲ. ಏಟು ತಿಂದವರಾದರೂ ಮಥಿಸಬಹುದಿತ್ತು. ಅವರು ಇದನ್ನು ಮೂಳೆ ಡಾಕ್ಟರರ ವಿಷಯವೆಂದು ತಪ್ಪು ತಿಳಿದು ಆಸ್ಪತ್ರೆಗೆ ಹೋದರು. ಈ ಕೊರತೆ ನೀಗಲೆಂದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮಿಗೆ ಪ್ರಸ್ತುತ ಭಾಷ್ಯ.

ಮೂಲದ ತಾತ್ಪರ್ಯ ಹೀಗಿದೆ: ಪೊಲೀಸ್ ಅಧಿಕಾರಿ ಕರ್ತವ್ಯದ ಹೆಸರಿನಲ್ಲಿ, ಅಥವಾ ಕರ್ತವ್ಯದ ಎಲ್ಲೆ ಮೀರಿ ಮಾಡಿದ ಅನ್ಯಾಯಕ್ಕೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಮೊಕದ್ದಮೆಯನ್ನಾಗಲಿ ಸಿವಿಲ್ ದಾವೆಯನ್ನಾಗಲಿ ನ್ಯಾಯಾಲಯ ಪುರಸ್ಕರಿಸುವಂತಿಲ್ಲ. 'ಎಲ್ಲೆ ಮೀರಿ' ಎಂಬುದು ಅಚ್ಚಿನ ಮೊಳೆಯ ತಪ್ಪಿರಬೇಕೆಂದು ಅವಸರದ ಓದುಗ ಊಹಿಸುತ್ತಾನೆ. ಅಲ್ಲ. ಎಲ್ಲೆಯೊಳಗೇ ಇದ್ದವನಿಗೆ ರಕ್ಷಣೆ ಯಾತಕ್ಕೆ? ಕೊಡೆ ಬೇಕಾದದ್ದು ಮಳೆಗಿಳಿದವನಿಗೆ. ಬೆಂಗಳೂರಿನ ಕ್ರಿಮಿನಲ್ ದೂರೊಂದರಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಕೃತ್ಯಕ್ಕೂ ಕರ್ತವ್ಯಕ್ಕೂ ಸಮಂಜಸ ನಂಟಿದ್ದರೆ, ಅತಿರೇಕವಾಯಿತೆಂಬ ಒಂದೇ ಕಾರಣಕ್ಕೆ ರಕ್ಷಣೆ ಕಳಚಿ ಬೀಳದು. ನಂಟೇ ಇಲ್ಲದ ಕೃತ್ಯಕ್ಕೆ ಮಾತ್ರ ಅದು ಸಿಗದು.

ಇಲ್ಲಿಂದ ಕಪಾಳಮೋಕ್ಷದ ವರ್ಗೀಕರಣ ಆರಂಭ. ಭಾವಮೈದುನನ ಮೇಲಿನ ಹಳೇ ಸಿಟ್ಟಿಗೆ ಅವನ ಮನೆಯ ಜಗುಲಿಯಲ್ಲಿ ಬಾರಿಸಿದ್ದು ನಂಟಿಲ್ಲದ್ದು (ನೆಂಟಸ್ತಿಕೆ ನಂಟಲ್ಲ). ಅದೇ ಏಟನ್ನು ಠಾಣೆಯಲ್ಲಿ, ಕೇಸಿನ ವಿಚಾರಣೆ ನಡುವೆ ಕೊಟ್ಟರೆ ನಂಟುಳ್ಳದ್ದೆಂದು ವಾದಿಸಬಹುದು. ಜಗುಲಿಯಲ್ಲಿ ಬಾರಿಸುತ್ತ ಬಾರಿಸುತ್ತ ಠಾಣೆಯವರೆಗೆ ಕರೆತಂದರೆ? ಎಷ್ಟನೇ ಏಟಿನಿಂದ ಸರ್ಕಾರದ್ದು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅನುಮತಿ ಕೊಡಬೇಕಾದವರು ಸಂಬಳ ಕೊಡುವವರೇ ಆದ್ದರಿಂದ ಅವರಿಗೆ ಗೊತ್ತಿರುತ್ತದೆಂದು ನಂಬೋಣ.

ಎರಡನೇ ಉಪಕಲಂ ಸಾಹಿತ್ಯಕ್ಕೆ ಸಂಬಂಧಿಸಿದ್ದು. ದಾವೆ ಹೂಡುವವನು ಹೊಡೆದವರಿಗೇ ಒಂದು ತಿಂಗಳು ಮುಂಚೆ ನೋಟಿಸು ಕೊಡಬೇಕು; ಅದರಲ್ಲಿ ಆದ ಅನ್ಯಾಯದ ಸಾಕಷ್ಟು ವರ್ಣನೆ ಇರಬೇಕು; ನೋಟಿಸಿಲ್ಲದ ದಾವೆ ವಜಾ. ನಮ್ಮ ಮಹಾಕಾವ್ಯಗಳಲ್ಲಿ ಅಷ್ಟಾದಶ ವರ್ಣನೆಗಳುಂಟು: ಸಮುದ್ರ, ಪರ್ವತ, ಋತು, ಚಂದ್ರೋದಯ ಇತ್ಯಾದಿ. ಬಾಸುಂಡೆಯ ವರ್ಣನೆ ಹತ್ತೊಂಬತ್ತನೆಯದು. ಇದನ್ನು ಕವಿಗಳು ಬಿಟ್ಟರೂ ಶಾಸನಸಭೆ ಬಿಡಲಿಲ್ಲ. ಒಂದು ತಿಂಗಳಲ್ಲಿ ಬಾಸುಂಡೆ ಮಾಯುವುದರಿಂದ ಉಳಿಯುವುದು ವರ್ಣನೆ ಮಾತ್ರ. ಮುಂದಿನ ಉಪಕಲಮಿನ ಪ್ರಕಾರ ನೋಟಿಸು ಯಾವತ್ತು ತಲುಪಿತು, ಪ್ರತಿವಾದಿ ಏನಾದರೂ ಪರಿಹಾರ ಕೊಡಮುಂದಾದರೇ ಎಂಬುದನ್ನು ವಾದಪತ್ರದಲ್ಲಿ ಕಾಣಿಸಬೇಕು. ಮರುಭೇಟಿಯಲ್ಲಿ ಕೊಡಮುಂದಾದ ಬೇರೆ ವಸ್ತುಗಳನ್ನೂ ಕಾಣಿಸಬೇಕೇ ಎಂಬುದಕ್ಕೆ ಕಲಂ ಮೌನ.

ಪೂರ್ವಪಕ್ಷ: ಅಧಿಕಾರಿಯ ಗೊಡವೆಯೇ ಬೇಡ, ಸರ್ಕಾರದ ಮೇಲೆಯೇ ದಾವೆ ಹೂಡುತ್ತೇನೆ. ಹೂಡು ಮಹರಾಯ, ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳ ನೋಟಿಸು ಕೊಟ್ಟು. ಆಮೇಲೆ ಮೀರತ್ತಿನ ಚಿನ್ನದ ಕಥೆ ಕೇಳು. 1947ರ ಸೆಪ್ಟೆಂಬರಿನ ಒಂದು ರಾತ್ರಿ ಅಲ್ಲಿನ ಪೊಲೀಸರು ಅಮೃತಸರದ ಚಿನಿವಾರನೊಬ್ಬನನ್ನು ಅನುಮಾನದ ಮೇಲೆ ಹಿಡಿದು 103 ತೊಲಕ್ಕೂ ಮಿಕ್ಕ ಚಿನ್ನವನ್ನೂ, ಎರಡು ಮಣಕ್ಕೂ ಮಿಕ್ಕ ಬೆಳ್ಳಿಯನ್ನೂ ವಶಕ್ಕೆ ತೆಗೆದುಕೊಂಡರು. ಬೆಳ್ಳಿ ವಾಪಸು ಬಂತು. ಚಿನ್ನವನ್ನು ಮಾಲ್‌ಖಾನೆಯ ಹೆಡ್ ಕಾನ್‌ಸ್ಟೆಬಲ್ ಎತ್ತಿಕೊಂಡು ಪಾಕಿಸ್ತಾನಕ್ಕೆ ನಡೆದ. ಕಸ್ತೂರಿಲಾಲ್ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ ಪೊಲೀಸರು ಅಜಾಗರೂಕರಾಗಿದ್ದರೆಂದು ಸುಪ್ರೀಂ ಕೋರ್ಟ್ ಒಪ್ಪಿತು. ಆದರೆ ಹಿಡಿಯುವುದು, ಜಪ್ತಿ ಮಾಡುವುದು ಸಾರ್ವಭೌಮ ಅಧಿಕಾರ. ಅದರ ಎಡವಟ್ಟಿಗೆ ಸರ್ಕಾರ ಹೊಣೆಯಲ್ಲ ಎಂದಿತು. ಚಿನಿವಾರನಿಗೆ ಉಳಿದ ದಾರಿ ಗಡಿಯಾಚೆಗಿತ್ತು.

ತೀರ್ಪಿಗೆ ಆಧಾರವಾದದ್ದು 1861ರ ಒಂದು ಕುದುರೆ. ಕಲ್ಕತ್ತೆಯ ಕಿಡ್ಡರ್‌ಪುರದ ಸರ್ಕಾರಿ ಹಡಗುಕಟ್ಟೆಯ ಕೆಲಸಗಾರರು ಕಬ್ಬಿಣ ಹೊರುವಾಗ ಎಬ್ಬಿಸಿದ ಸದ್ದಿಗೆ ಅದು ಬೆದರಿ ಗಾಯ ಮಾಡಿಕೊಂಡಿತು. ಹಡಗುಕಟ್ಟೆಯನ್ನು ಖಾಸಗಿಯವರೂ ನಡೆಸಬಹುದು, ಆದ್ದರಿಂದ ಅಲ್ಲಿ ಸಾರ್ವಭೌಮತ್ವವಿಲ್ಲ ಎಂದು ಕುದುರೆಯ ಒಡೆಯರಿಗೆ ಪರಿಹಾರ ದಕ್ಕಿತು. ಸಿದ್ಧಾಂತ ಸ್ಪಷ್ಟ: ಸರ್ಕಾರದಿಂದ ಪೆಟ್ಟಾಗುವುದಿದ್ದರೆ ಹಡಗುಕಟ್ಟೆಯಲ್ಲಿ ಆಗಲಿ, ಠಾಣೆಯಲ್ಲಿ ಬೇಡ. ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರೇ ಅಸಮಾಧಾನಪಟ್ಟು, ಇದಕ್ಕೊಂದು ಕಾಯ್ದೆ ಮಾಡಿರೆಂದು ಶಾಸಕಾಂಗಕ್ಕೆ ಹೇಳಿದ್ದರು. ಇಂಗ್ಲೆಂಡ್ ತನ್ನ ದೊರೆಯ ಈ ವಿನಾಯಿತಿಗೆ 1947ರಲ್ಲೇ ಕತ್ತರಿ ಹಾಕಿತ್ತು. ಇಲ್ಲಿ 1967ರ ಮಸೂದೆ ಕಾಯ್ದೆಯಾಗದೆ ಹೋಯಿತು. ಪರಂಪರೆಯ ರಕ್ಷಣೆಯಲ್ಲಿ ನಾವೇ ಮುಂದು.

ಶಾಸ್ತ್ರಕ್ಕೆ ಪೆಟ್ಟು ಬಿದ್ದದ್ದು ಒಡಿಶಾದ ತಾಯಿಯೊಬ್ಬಳಿಂದ. ಪೊಲೀಸರು ಹಿಡಿದೊಯ್ದ ಮಗ ಮರುದಿನ ರೈಲುಹಳಿಯ ಮೇಲೆ ಹೆಣವಾಗಿ ಸಿಕ್ಕಿದಾಗ ಆಕೆ ನೇರವಾಗಿ ಸುಪ್ರೀಂ ಕೋರ್ಟಿಗೇ ಪತ್ರ ಬರೆದಳು. ಅದಕ್ಕೆ ಯಾರ ಅನುಮತಿಯ ಪ್ರತಿಯೂ ಲಗತ್ತಾಗಿರಲಿಲ್ಲ. ಮೂಲಭೂತ ಹಕ್ಕು ಮುರಿದಾಗ ಸಂವಿಧಾನದ ದಾರಿಯಲ್ಲಿ ಬಂದವರ ಎದುರು ಸಾರ್ವಭೌಮತ್ವದ ನೆಪ ನಡೆಯದೆಂದು ಹೇಳಿ ನ್ಯಾಯಾಲಯ 1993ರಲ್ಲಿ 1,50,000 ರೂಪಾಯಿ ಕೊಡಿಸಿತು. ಪದ್ಧತಿ ಬಿಟ್ಟರೆ ಹೀಗೆಲ್ಲ ಆಗುತ್ತದೆ. ಶಾಸ್ತ್ರನಿಷ್ಠರು ಇಂಥ ಅಡ್ಡದಾರಿ ಹಿಡಿಯದೆ, ಏಟು ಬೀಳುತ್ತಿರುವಾಗಲೇ ನೋಟಿಸು ಕಳಿಸಬೇಕಾದ ವಿಳಾಸವನ್ನು ಕೇಳಿ ಬರೆದುಕೊಳ್ಳತಕ್ಕದ್ದು.