ದಾಖಲೆಯಲ್ಲಿ ನನ್ನ ಹೆಸರೇ ಮೊದಲು

(ಕಡಬ ತಾಲೂಕಿನ ನೆಟ್ಟಣ ಹತ್ತಿರದ ಕಿದುವಿನಲ್ಲಿ 1998ರಿಂದ ದಕ್ಷಿಣ ಏಷ್ಯಾದ ಅಂತರರಾಷ್ಟ್ರೀಯ ತೆಂಗು ಜೀನ್ ಬ್ಯಾಂಕ್ ಉಂಟು. ಅಲ್ಲಿನ ಚೌಘಾಟ್ ಆರೆಂಜ್ ಕುಳ್ಳ ತಳಿಯ ತಾಯಿಮರವೊಂದು ಮಾತಿಗೆ ಸಿಕ್ಕಿತು.)

ವಿಜ್ಞಾನದಲ್ಲಿ ಮೆರಿಟ್ ಒಂದೇ ಲೆಕ್ಕ, ಗಂಡು ಹೆಣ್ಣು ಅಂತಿಲ್ಲ ಎನ್ನುತ್ತಾರೆ.

ಹೌದಾ ಮಾರಾಯ್ರೆ? ಎರಡು ತಳಿಯಲ್ಲಿ ಯಾವುದು ಮೇಲು ಅಂತ ನೋಡ್ಲಿಕ್ಕೆ ನಮಗೆ ಒಂದೇ ಮಣ್ಣು, ಒಂದೇ ಗೊಬ್ಬರ, ಒಂದೇ ನೀರು ಕೊಟ್ಟು ವರ್ಷಗಟ್ಟಲೆ ಕಾಯಿ ಎಣಿಸ್ತಾರೆ. ಒಂದನ್ನು ಹಲಸಿನ ಮರದಡಿ ನೆಟ್ಟು ‘ಇದಕ್ಕೆ ಮೆರಿಟ್ ಇಲ್ಲ’ ಅಂತ ಬರೆದ್ರೆ ಆ ಪ್ರಬಂಧವನ್ನು ಯಾರೂ ಅಚ್ಚು ಹಾಕುದಿಲ್ಲ. ಮನುಷ್ಯರ ವಿಷಯಕ್ಕೆ ಮಾತ್ರ ಬಯೋಡೇಟಾ ಸಾಕು. ನೆರಳು ಯಾರ ಮೇಲೆ ಬಿದ್ದಿತ್ತು ಅಂತ ಅದ್ರಲ್ಲಿ ಕಾಲಮ್ಮೇ ಇಲ್ಲ.

ಯಾರ ಮೇಲೆ ಬಿದ್ದಿತ್ತು?

1933ರಲ್ಲಿ ಕಮಲಾ ಭಾಗವತ್, ಆಮೇಲೆ ಸೋಹೊನಿ ಆದವರು, ಬಾಂಬೆಯ ಬಿ.ಎಸ್ಸಿ.ಯಲ್ಲಿ ಮೊದಲ ಸ್ಥಾನ ಹಿಡಿದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದ್ರು. ನಿರ್ದೇಶಕ ಸಿ.ವಿ. ರಾಮನ್ ಹೆಣ್ಣುಮಕ್ಕಳು ಬೇಡ ಅಂದ್ರು. ನೊಬೆಲ್ ಬಂದ ಕಣ್ಣು ಅದು! ಇವರು ಹಠ ಬಿಡ್ಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷೆಗೆ ಅಂತ ಸೇರಿಸಿಕೊಂಡ್ರು, ಹುಡುಗರ ಗಮನ ಕೆಡಿಸಬಾರದು ಅಂತ ಷರತ್ತು ಹಾಕಿ.

ಗಮನ ಕೆಡುವ ತಾಪತ್ರಯ ನಿಮ್ಮಲ್ಲೂ ಇರಬೇಕಲ್ಲ?

ಉಂಟಲ್ಲ. ಒಂದೇ ಹೊಂಬಾಳೆಯಲ್ಲಿ ಸಾವಿರಗಟ್ಟಲೆ ಗಂಡು ಹೂ, ಹೆಣ್ಣು ಹೂ ಕೆಲವೇ ಕೆಲವು. ಆದ್ರೆ ಸಂಕರ ಮಾಡುವಾಗ ತಾಯಿಮರದಿಂದ ಚಿವುಟಿ ಬಿಸಾಡುದು ಗಂಡು ಹೂಗಳನ್ನು. ಅವುಗಳ ಮೆರಿಟ್ ಬಗ್ಗೆ ಯಾರೂ ಪತ್ರಿಕೆಗೆ ಕಾಗದ ಬರೆದದ್ದು ನನಗೆ ಗೊತ್ತಿಲ್ಲ.

ಕಮಲಾ ಏನಾದರು?

1939ರಲ್ಲಿ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಆಮೇಲೆ ನಮ್ಮ ತಾಳೆ ಕುಲದ ‘ನೀರಾ’ ಪಾನೀಯದ ಮೇಲೆ ಕೆಲಸ ಮಾಡಿ ರಾಷ್ಟ್ರಪತಿ ಪ್ರಶಸ್ತಿ ಪಡೆದ್ರು, ಆ ಋಣ ನಮಗುಂಟು. ಇನ್ನು ಭೌತವಿಜ್ಞಾನಿ ಅನ್ನಾ ಮಣಿಯ ಕಥೆ ಕೇಳಿ. ರಾಮನ್ ಅವರ ಪ್ರಯೋಗಾಲಯದಲ್ಲೇ ವಜ್ರ, ಮಾಣಿಕ್ಯದ ಬೆಳಕು ಅಳೆದು ಐದು ಪ್ರಬಂಧ ಬರೆದ್ರು. ಮದ್ರಾಸ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡ್ಲಿಲ್ಲ. ಎಂ.ಎಸ್ಸಿ. ಇಲ್ಲ ಅಂತ!

ಅದೆಲ್ಲ ಹಳೇ ಕಾಲ.

2012 ಹಳೇದಾ? ಅಮೆರಿಕದಲ್ಲಿ 127 ವಿಜ್ಞಾನ ಪ್ರಾಧ್ಯಾಪಕರಿಗೆ ಒಂದೇ ಅರ್ಜಿ ಕೊಟ್ಟು, ಕೆಲವರಿಗೆ ಜಾನ್, ಕೆಲವರಿಗೆ ಜೆನ್ನಿಫರ್ ಅಂತ ಹೆಸರು ಹಾಕಿದ್ರು. ಜಾನ್‌ಗೆ ಸರಾಸರಿ 30,238 ಡಾಲರ್ ಸಂಬಳ, ಜೆನ್ನಿಫರ್‌ಗೆ 26,508. ಪ್ರಾಧ್ಯಾಪಕಿಯರೂ ಹಾಗೇ ಮಾಡಿದ್ರು, ಬರ್ಕೊಳ್ಳಿ.

ಹೆಂಗಸರ ಕೆಲಸದ ನಡುವಿನ ಬಿಡುವು, ಕೆರಿಯರ್ ಗ್ಯಾಪ್?

ಎತ್ತರದ ತಳಿ ಕಾಯಿ ಬಿಡ್ಲಿಕ್ಕೆ ಆರೇಳು ವರ್ಷ ಬೇಕು. ನನಗೆ ಮೂರು ನಾಲ್ಕು ಸಾಕು. ಅವನಿಗೆ ಯಾರಾದ್ರೂ ಗ್ಯಾಪ್ ಅಂತ ಹೇಳಿದ್ದುಂಟಾ?

ಶ್ರೇಯ ಹಂಚುವುದು ಹೇಗೆ?

‘ಚಂದ್ರ ಸಂಕರ’ ಅನ್ನುವ ಮಿಶ್ರತಳಿಯ ದಾಖಲೆ ತೆಗೀರಿ. ತಾಯಿ ನಾನು, ಹೆಸರು ಮೊದಲು. ತಂದೆ ಪಶ್ಚಿಮ ಕರಾವಳಿಯ ಎತ್ತರದವ, ಎರಡನೇದು. ಅವನು ಕೊಟ್ಟದ್ದು ಪರಾಗ, ಅದನ್ನೂ ಬೇರೆಯವರು ಹತ್ತಿ ಇಳಿಸಿದ್ದು.

ಆಯ್ಕೆ ಸಮಿತಿಗೆ ಕರೆದರೆ ಬರುತ್ತೀರಾ?

ಬೇಡ. ಮದುವೆ ಯಾವಾಗ, ಮಕ್ಕಳೆಷ್ಟು ಅಂತ ಕೇಳ್ಲಿಕ್ಕೆ ನನಗೆ ಬರುದಿಲ್ಲ. ನೀವು ಸ್ವಲ್ಪ ಬದಿಗೆ ಸರೀರಿ, ಒಂದು ಒಣಗಿದ ಕಾಯಿ ಉಂಟು. ಬೀಳುವಾಗ ಅದು ಅಡಿಯಲ್ಲಿ ಇರುವವರು ಗಂಡಾ ಹೆಣ್ಣಾ ಅಂತ ನೋಡುದಿಲ್ಲ.